ನಾನು ತೆಗೆಯದ ಸುದ್ದಿ

ಆ ಅಧಿಕಾರಿಗೆ ನಾನು ಫೋನಿನಲ್ಲಿ ಏನು ಹೇಳಿದೆ ಎಂಬುದರ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ತಣ್ಣಗೆ, ಬರವಣಿಗೆಯಲ್ಲಿ ಕೇಳಿ, ಉತ್ತರ ಕೊಡುತ್ತೇನೆ ಎಂದಿದ್ದೇನೆ. ಇನ್ನೊಂದರಲ್ಲಿ ದನಿ ಏರಿಸಿ, ಸಂವಿಧಾನದ ಹತ್ತೊಂಬತ್ತನೇ ವಿಧಿಯನ್ನೂ ಎಳೆದು ತಂದು ಮಾತಾಡಿದ್ದೇನೆ. ಮೊದಲನೆಯದು ನನಗೆ ಮರ್ಯಾದೆ ತರುವಂಥದ್ದು, ಆದ್ದರಿಂದ ಅದರ ಮೇಲೆ ನನಗೆ ಅನುಮಾನ ಹೆಚ್ಚು. ಸುದ್ದಿಯನ್ನು ತೆಗೆಯುವುದಿಲ್ಲ ಎಂದದ್ದು ಮಾತ್ರ ಎರಡರಲ್ಲೂ ಇದೆ.

ಕೊರೋನಾದ ಮೊದಲ ಲಾಕ್‌ಡೌನ್ ಅದು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಪತ್ರಿಕೆಗೆ ದೊಡ್ಡಬಳ್ಳಾಪುರದಿಂದ ಅರೆಕಾಲಿಕ ವರದಿಗಾರ. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಯನ್ನು ಅರ್ಧಕ್ಕೆ ಬಿಟ್ಟು ಊರು ಸೇರಿದ್ದೆ. ಈ ದಾಖಲೆ ಯಾರು ಬರೆದದ್ದು, ಯಾವಾಗ ಬರೆದದ್ದು, ಯಾಕೆ ಬರೆದದ್ದು ಎಂದು ಕೇಳಬೇಕೆಂಬುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ. ಕಲಿತಿದ್ದೆ ಎಂದುಕೊಂಡಿದ್ದೆ. ಪತ್ರಿಕೆಯ ಮುದ್ರಣ ನಿಂತು ವೆಬ್‌ಸೈಟಿನಲ್ಲಿ ಮಾತ್ರ ಸುದ್ದಿ ಬರುತ್ತಿತ್ತು.

ಮೊದಲ ವಾರಗಳಲ್ಲೇ ನಾನು ಬಾಶೆಟ್ಟಿಹಳ್ಳಿಯ ಕಡೆ ಒಂದು ಶೆಡ್ಡಿನಲ್ಲಿ ಉಳಿದುಹೋಗಿದ್ದ ಹೊರರಾಜ್ಯದ ಕೂಲಿಕಾರರ ಬಗ್ಗೆ ಬರೆದಿದ್ದೆ. ಅವರಿಗೆ ರೇಷನ್ ತಲುಪಿರಲಿಲ್ಲ. ಪೊಲೀಸರಿಗೆ ಪಾಸ್ ತೋರಿಸಿ ಬೈಕಿನಲ್ಲಿ ಹೋಗಿ, ಒಲೆ ನೋಡಿ, ಪಾತ್ರೆ ನೋಡಿ, ಮಾತಾಡಿಸಿ ಬರೆದ ಸುದ್ದಿ. ಮಾರನೆಯ ದಿನ ಒಬ್ಬ ಅಧಿಕಾರಿ ಸಂಪಾದಕರಿಗೆ ಫೋನ್ ಮಾಡಿ, ದೇಶವೇ ಸಂಕಟದಲ್ಲಿರುವಾಗ ಜನರಲ್ಲಿ ಗಾಬರಿ ಹುಟ್ಟಿಸಬೇಡಿ ಎಂದರಂತೆ. ಮಧ್ಯಾಹ್ನದೊಳಗೆ ಸುದ್ದಿ ವೆಬ್‌ಸೈಟಿನಿಂದ ಮಾಯವಾಗಿತ್ತು. ಸ್ವಲ್ಪ ದಿನ ತಡೆದುಕೊಳ್ಳಪ್ಪಾ ಎಂದು ಸಂಪಾದಕರು ಸಮಾಧಾನ ಹೇಳಿದರು. ನನಗೆ ಸಿಟ್ಟು ಇಳಿಯಲಿಲ್ಲ. ಮುಂದಿನದು ಅರ್ಥವಾಗಲು ಈ ಸಿಟ್ಟು ಗೊತ್ತಿರಬೇಕು. ಅದು ನನ್ನ ಸಮರ್ಥನೆಯಲ್ಲ.

ಅದಾದ ಒಂದು ವಾರಕ್ಕೋ ಹತ್ತು ದಿನಕ್ಕೋ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ವೀಡಿಯೋ ಓಡಾಡಿತು. ಟೋಪಿ ಹಾಕಿದ ಒಬ್ಬ ಮಗ್ಗದ ಮುಂದೆ ಕೂತು ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಾನೆ, ಅದೇ ಬೆರಳಿನಿಂದ ನೂಲು ಹಿಡಿಯುತ್ತಾನೆ, ಮತ್ತೆ ನಾಲಿಗೆ, ಮತ್ತೆ ನೂಲು. ಸೀರೆಗೆ ಎಂಜಲು ಹಚ್ಚಿ ರೋಗ ಹರಡುತ್ತಿದ್ದಾರೆ, ನಮ್ಮ ಊರಿನಲ್ಲೇ, ಎಚ್ಚರ ಎಂದು ಕೆಳಗೆ ಬರೆದಿತ್ತು.

ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು, ನೇಯ್ದು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಒಂದು ಹಾಸಿಗೆ ಸಾವಿರಾರು ಎಳೆ. ಇದಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಬೆರಳು ಜಾರದಿರಲೆಂದು ಬೂದಿ ಮುಟ್ಟಿಕೊಳ್ಳುತ್ತಾರೆ. ಬೆರಳು ಒಣಗಿದರೆ ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಾರೆ. ಯಾವ ಜಾತಿಯವರು, ಯಾವ ಧರ್ಮದವರು ಕೆಚ್ಚಿದರೂ ಹೀಗೆಯೇ. ನಮ್ಮದೇ ನಾಲ್ಕು ಮಗ್ಗಗಳ ಮನೆ. ಮಾತು ಬರುವ ಮೊದಲೇ ನಾನು ಇದನ್ನು ನೋಡಿರಬೇಕು. ವೀಡಿಯೋದಲ್ಲಿದ್ದ ಮನುಷ್ಯನೂ ನನಗೆ ಹೊಸಬನಲ್ಲ. ನಮ್ಮ ಹಿಂದಿನ ಬೀದಿಯವರು, ಹದಿನೈದು ವರ್ಷದಿಂದ ನಮ್ಮ ಮನೆಗೆ ಕೆಚ್ಚಲು ಬರುತ್ತಿದ್ದವರು. ಭಾಯ್ ಎಂದೇ ಕರೆಯುತ್ತಿದ್ದೆವು.

ಆದರೂ ನಾನು ಬರೆದೆ. ವೀಡಿಯೋ ಹರಿದಾಡುತ್ತಿದೆ, ಸಾರ್ವಜನಿಕರಲ್ಲಿ ಆತಂಕ ಮೂಡಿದೆ, ತನಿಖೆಗೆ ಒತ್ತಾಯಿಸಿದ್ದಾರೆ. ಒಂದೊಂದು ವಾಕ್ಯವನ್ನೂ ಬೇರೆಬೇರೆಯಾಗಿ ತೆಗೆದು ನೋಡಿದರೆ ಸುಳ್ಳಿಲ್ಲ. ಅಚ್ಚು ಕೆಚ್ಚುವುದೇ ಹೀಗೆ ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ. ಯಾಕೆ ಬಿಟ್ಟೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಆ ವಾಕ್ಯ ಬರೆದಿದ್ದರೆ ಸುದ್ದಿಯೇ ಉಳಿಯುತ್ತಿರಲಿಲ್ಲ. ಕಾರಣ ಅದೇ ಇದ್ದೀತು.

ಸಂಜೆಗೆ ಆ ಫೋನ್ ಬಂತು. ಈ ಸಲ ನೇರವಾಗಿ ನನಗೇ. ಭಾಯ್ ಮನೆ ಮುಂದೆ ಜನ ಸೇರುತ್ತಿದ್ದಾರೆ, ಬೀದಿಗೆ ಮುಳ್ಳುಬೇಲಿ ಎಳೆದಿದ್ದಾರೆ, ಸುದ್ದಿ ತೆಗೆಯಿರಿ ಎಂದರು ಅದೇ ಅಧಿಕಾರಿ. ನನ್ನ ಕಿವಿಗೆ ಅದು ಹಿಂದಿನ ಫೋನಿನ ಮುಂದುವರಿಕೆಯ ಹಾಗೆ ಕೇಳಿಸಿತು. ನಿಜವನ್ನು ತೆಗೆಸಿದವರು ಈಗ ಇದನ್ನೂ ತೆಗೆಸಲು ಬಂದಿದ್ದಾರೆ ಎಂದುಕೊಂಡೆ. ತೆಗೆಯುವುದಿಲ್ಲ ಎಂದೆ. ಸಂಪಾದಕರು ಈ ಸಲ ನನ್ನ ಪರ ನಿಂತರು. ಸುದ್ದಿಯನ್ನು ಜನ ಮುಗಿಬಿದ್ದು ಓದುತ್ತಿದ್ದರು. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಫೇಸ್‌ಬುಕ್ಕಿನಲ್ಲಿ ಒಂದು ಪ್ಯಾರಾ ಕೂಡ ಬರೆದೆ.

ಎರಡು ದಿನ ಬಿಟ್ಟು ಅಮ್ಮನಿಗೆ ಗೊತ್ತಾಯಿತು. ಪಕ್ಕದ ಮನೆಯವರ ಮೊಬೈಲಿನಲ್ಲಿ ಓದಿಸಿಕೊಂಡು ಬಂದಿದ್ದಳು. ನಾನು ಊಟಕ್ಕೆ ಕೂತಿದ್ದೆ.

"ನಾನೂ ಇಪ್ಪತ್ತು ವರ್ಷ ನಾಲಿಗೆಗೆ ಬೆರಳು ಹಚ್ಚೇ ಕೆಚ್ಚಿದ್ದು ಕಣೋ. ನಂದೂ ಒಂದು ವೀಡಿಯೋ ತೆಗ್ದು ಹಾಕು. ನಿಮ್ಮ ಪೇಪರ್‌ನೋರ್ಗೆ ಸುದ್ದಿ ಕಮ್ಮಿ ಆಗೈತೇನೋ."

ಸುದ್ದಿಯಲ್ಲಿ ಯಾರ ಹೆಸರೂ ಇಲ್ಲ, ಆರೋಪವೂ ಇಲ್ಲ ಎಂದು ನಾನು ವಿವರಿಸಿದೆ. ಅವಳು ಸಾರು ಬಡಿಸಿ ಎದ್ದು ಹೋದಳು.

ಮೇ ತಿಂಗಳಲ್ಲಿ ಮಗ್ಗಗಳು ಒಂದೊಂದಾಗಿ ಶುರುವಾದವು. ಭಾಯ್‌ಗೆ ಸ್ವಂತ ಮಗ್ಗವಿಲ್ಲ. ಹಾಸು ಮುಗಿದ ಮನೆಯವರು ಕರೆದರೆ ಕೆಲಸ, ಕರೆಯದಿದ್ದರೆ ಇಲ್ಲ. ಅವರನ್ನು ಯಾರೂ ಕರೆಯಲಿಲ್ಲ. ತಾವೇ ನಾಲಿಗೆಗೆ ಬೆರಳು ತಾಗಿಸುವ ಮಾಲೀಕರೂ ಕರೆಯಲಿಲ್ಲ. ನಮ್ಮಲ್ಲಿ ಎರಡು ಹಾಸು ಒಟ್ಟಿಗೆ ಮುಗಿದಾಗ ಅಮ್ಮ ನನ್ನನ್ನು ಕೇಳದೆ ಅವರಿಗೆ ಹೇಳಿ ಕಳಿಸಿದಳು. ಎದುರುಮನೆಯ ಮಾಲೀಕರು ಜಗಲಿಯಿಂದಲೇ, "ಏನಕ್ಕಾ, ಮಗ ಪೇಪರ್ನಲ್ಲಿ ಬರೀತಾನೆ, ನೀವು ಮನೇಗೇ ಕರೀತೀರಾ?" ಎಂದರು. ಅಮ್ಮ ಕೇಳಿಸದವಳಂತೆ ಅಂಗಳ ಗುಡಿಸಿದಳು.

ಭಾಯ್ ಬಂದಾಗ ಕೈಯಲ್ಲಿ ನೀರು ತುಂಬಿದ ಒಂದು ಸ್ಟೀಲ್ ಬಟ್ಟಲಿತ್ತು. ಮಾಸ್ಕ್ ತೆಗೆಯಲಿಲ್ಲ. ನೀರಿಗೆ ಬೆರಳು ಅದ್ದುವರು, ಬೂದಿ ಮುಟ್ಟುವರು, ಹೊಸೆಯುವರು. ನೀರು ಹೆಚ್ಚಾಗಿ ಬೂದಿ ಕೆಸರಾಗುತ್ತಿತ್ತು, ಎಳೆ ಬಿಟ್ಟುಕೊಳ್ಳುತ್ತಿತ್ತು, ಮತ್ತೆ ಹಿಡಿಯುವರು. ಒಂದು ದಿನದ ಕೆಲಸ ಎರಡು ದಿನವಾಗುವುದು ಖಚಿತವಿತ್ತು. ಪಕ್ಕದಲ್ಲಿ ಉಳಿದೆರಡು ಮಗ್ಗ ಸದ್ದು ಮಾಡುತ್ತ ಓಡುತ್ತಿದ್ದವು. ನಾನು ಹತ್ತಿರ ಹೋಗಿ ಕೂತೆ. ಕ್ಷಮೆ ಕೇಳಲು ಹೋದೆನೋ, ವಿವರಣೆ ಕೊಡಲು ಹೋದೆನೋ, ಅದೂ ಖಚಿತವಿಲ್ಲ. ಆಗ ಅವರು ಹೇಳಿದ್ದು ಮಾತ್ರ ಹೆಚ್ಚುಕಮ್ಮಿ ಹೀಗೆಯೇ ನೆನಪಿದೆ.

"ಈ ಸದ್ದು ಐತಲ್ಲಪ್ಪಾ, ಆ ವೀಡಿಯೋದಲ್ಲೂ ಇತ್ತು. ನೀನು ಬರೆದ ದಿನ ಈ ಊರಲ್ಲಿ ಯಾವ ಮಗ್ಗ ಓಡ್ತಿತ್ತು ಹೇಳು?"

ಅವರು ಇನ್ನೊಂದು ಎಳೆ ಹೊಸೆದರು.

"ಅದು ಹಳೇ ವೀಡಿಯೋ. ಯಾರೋ ತಮಾಷೆಗೆ ತೆಗ್ದಿದ್ದು, ಕಾಯಿಲೆ ಬರೋಕೂ ಮುಂಚೆ. ನೀನು ಓದಿದೋನಲ್ವಾ, ನಿಂಗೂ ಕೇಳಿಸ್ಲಿಲ್ವಾ?"

ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದವರು ನಾವು. ಲಾಕ್‌ಡೌನಿನ ಆ ವಾರಗಳಲ್ಲಿ ಅದು ನಿಂತದ್ದು ಎಲ್ಲರಿಗೂ ಗೊತ್ತಿತ್ತು. ನಿದ್ದೆ ಬರುತ್ತಿಲ್ಲ ಎಂದು ಮುದುಕರು ದೂರುತ್ತಿದ್ದರು. ಆದರೂ ಇಡೀ ಊರು ಆ ವೀಡಿಯೋ ನೋಡಿ ಇವತ್ತಿನದು ಎಂದು ನಂಬಿತು. ಯಾವಾಗಿನದು ಎಂದು ಕೇಳುವುದನ್ನೇ ಕಲಿತು ಬಂದ ನಾನೂ ನಂಬಿದೆ.

ಅವತ್ತೇ ತಿದ್ದುಪಡಿ ಬರೆದು ಕಳಿಸಿದೆ. ಅದು ಹಳಸಿದ ಸುದ್ದಿ ಎಂದರು ಸಂಪಾದಕರು. ಜಗಳವಾಡಿದ ಮೇಲೆ ನಾಲ್ಕು ಸಾಲು ಹಾಕಿದರು ಎಂದು ನನ್ನ ನೆನಪು. ಆ ವೆಬ್‌ಸೈಟ್ ಈಗ ಇಲ್ಲ, ಸಾಬೀತು ಮಾಡಲಾರೆ. ಬೀದಿಯ ಮಾಲೀಕರ ಮನೆಮನೆಗೆ ಹೋಗಿ ಹೇಳಿದ್ದು ನಿಜ, ಇಬ್ಬರು ಈಗಲೂ ಅದನ್ನು ಆಡಿಕೊಂಡು ನಗುತ್ತಾರೆ. ಒಬ್ಬ ಗೆಳೆಯ, ನಾನು ನಂಬ್ತೀನಿ ಗುರು, ಆದರೆ ಸೀರೆ ತಗೊಳ್ಳುವವರು ನಂಬಬೇಕಲ್ಲ ಎಂದ. ದಸರಾ ಹೊತ್ತಿಗೆ ಮೂರು ಮನೆಯವರು ಭಾಯ್ ಅವರನ್ನು ಕರೆದರು. ಮೂರು ಮನೆಯ ಕೆಲಸದಲ್ಲಿ ಸಂಸಾರ ನಡೆಯುವುದಿಲ್ಲ. ಅವರು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದರು. ಈಗಲೂ ಅಲ್ಲೇ ಇದ್ದಾರೆ. ಬಸ್ಸಿನಲ್ಲಿ ಸಿಕ್ಕರೆ ಅಮ್ಮನ ಆರೋಗ್ಯ ವಿಚಾರಿಸುತ್ತಾರೆ, ಬೇರೇನೂ ಮಾತಾಡುವುದಿಲ್ಲ. ಕೆಚ್ಚುವ ಕೆಲಸ ಬಿಟ್ಟುಬಿಟ್ಟರು.

ಹೋದ ವರ್ಷ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಳಿದೆ. ಫೋನ್ ಮಾಡಿದವರು ಮೊದಲ ಸಲ ತಪ್ಪು, ಎರಡನೇ ಸಲ ಸರಿ. ನಾನು ಎರಡು ಸಲವೂ ತೆಗೆಯಬಾರದು ಎಂದೇ ಇದ್ದೆ ಎಂದು ಹೇಳಿದೆ. ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು, "ಸಾರ್, ಆ ಸದ್ದು ವೀಡಿಯೋದಲ್ಲಿ ನಿಜವಾಗ್ಲೂ ಇತ್ತಾ, ಇಲ್ಲ ಅವರು ಹೇಳಿದ್ರು ಅಂತ ನಿಮಗೆ ನೆನಪಾ?" ಎಂದು ಕೇಳಿದಳು. ಭಾಯ್ ಮಾತು ಕೇಳಿದ ಮೇಲೆ ನಾನು ಆ ವೀಡಿಯೋವನ್ನು ಮತ್ತೆ ನೋಡಿರಲೇ ಇಲ್ಲ.

ಮನೆಗೆ ಬಂದು ಹಳೆಯ ಫೋನ್ ಹುಡುಕಿದೆ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಅದಕ್ಕೆ ಬ್ಯಾಟರಿ ಹಾಕಿಸಿದೆ. ವೀಡಿಯೋ ಇತ್ತು. ಇಪ್ಪತ್ತೆಂಟು ಸೆಕೆಂಡಿನದು, ಮೊದಲಿನಿಂದ ಕೊನೆಯವರೆಗೂ ಮಗ್ಗಗಳು ಓಡುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ.