ಚಿಕ್ಕಪ್ಪನ ಎಡೆಗಿಟ್ಟ ಸೇಂದಿ

ಸತ್ತವರ ಕರುಳಲ್ಲಿ, ರಕ್ತದಲ್ಲಿ ವಿಷ ಹುಡುಕುವುದು ನನ್ನ ಕೆಲಸ. ನಮ್ಮ ಮನೆಯ ಸಾವೂ ಒಂದು ದಿನ ಹಾಗೆ ಸೀಸೆಯೊಳಗೆ ಬಂದು ಕೂರುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ. ನಿಡುಗಲ್ಲಿನ ಹತ್ತಿರ ನಮ್ಮೂರಲ್ಲಿ ಚಿಕ್ಕಪ್ಪ ಸೇಂದಿ ಕುಡಿದು ಮಲಗಿದವನು ಏಳಲೇ ಇಲ್ಲ. ಸ್ವಂತದವರ ಕೇಸೆಂದು ಲ್ಯಾಬಿನವರು ನನ್ನನ್ನು ಅದರಿಂದ ದೂರವಿಟ್ಟರು. ವರದಿಯಲ್ಲಿ ಬಂದದ್ದು ನಿದ್ದೆಮಾತ್ರೆಯ ಮದ್ದು. ಅದೇ ಮಾತ್ರೆಯನ್ನು ಚಿಕ್ಕಮ್ಮ ಡಾಕ್ಟರು ಬರೆದುಕೊಟ್ಟಂತೆ ನುಂಗುತ್ತಿದ್ದಳು.

ಅಷ್ಟು ಸಾಕಾಯಿತು. "ನನ್ ಮಗನ್ನ ನುಂಗ್ಬುಟ್ಲು ಕಣಮ್ಮ" ಎಂದು ಅಜ್ಜಿ ಊರೆಲ್ಲ ಸಾರಿದಳು. ಪೊಲೀಸರು ಚಿಕ್ಕಮ್ಮನನ್ನು ಮತ್ತೆ ಮತ್ತೆ ಸ್ಟೇಷನ್ನಿಗೆ ಕರೆಸಿದರು. ಇಂದೋ ನಾಳೆಯೋ ಒಳಗೆ ಹಾಕುತ್ತಾರೆಂಬ ಮಾತಿತ್ತು. ಹೊಟ್ಟೆಯಲ್ಲಿ ಏನಿತ್ತೆಂದು ವರದಿ ಹೇಳುತ್ತದೆ, ಹಾಕಿದವರು ಯಾರೆಂದು ಹೇಳುವುದಿಲ್ಲ ಎಂದು ನಾನು ಬಾಯಿ ಬಡಿದುಕೊಂಡೆ. ಕೇಳುವವರಿರಲಿಲ್ಲ.

ಪಿತೃಪಕ್ಷ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಆಮೇಲೆ ಅದನ್ನೇ ಪ್ರಸಾದವೆಂದು ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿ. ಚಿಕ್ಕಪ್ಪನಿಗೆ ಆಂಧ್ರ ಗಡಿಯಾಚೆಯ ಸೇಂದಿ ಎಂದರೆ ಪ್ರಾಣ. ಅಜ್ಜಿ ತಾನೇ ಹೋಗಿ ಕ್ಯಾನಿನಲ್ಲಿ ತಂದಳು. "ನೀನೇನೂ ಮುಟ್ಬ್ಯಾಡ, ಆಚೆ ಕೂತ್ಕ" ಎಂದು ಚಿಕ್ಕಮ್ಮನನ್ನು ಜಗಲಿಗೆ ಅಟ್ಟಿದಳು. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮ ಎದ್ದು ಹೋಗಿ ಜಗಲಿಯಲ್ಲಿ ಕೂತಳು.

ಎಡೆಯ ಮುಂದಿನ ಸೇಂದಿಯ ಚೊಂಬನ್ನು ಅಜ್ಜಿ ಒಬ್ಬಳೇ ಖಾಲಿ ಮಾಡಿದಳು. ಸ್ವಲ್ಪ ಹೊತ್ತಿಗೆ ಮಾತು ತೊದಲಿತು. ಗೋಡೆಗೆ ಒರಗಿದವಳು ಅಲುಗಾಡಿಸಿದರೂ ಏಳಲಿಲ್ಲ, ಉಸಿರು ಎಲ್ಲೋ ಒಂದೊಂದು. ದಿನವೂ ಸೀಸೆಯಲ್ಲಿ ನೋಡುವುದು ಕಣ್ಣೆದುರೇ ನಡೆಯುತ್ತಿತ್ತು. ನಾನು ನಿಂತಲ್ಲೇ ನಿಂತುಬಿಟ್ಟೆ. ಓಡಿ ಬಂದು ಅಜ್ಜಿಯನ್ನು ಎತ್ತಿಕೊಂಡವಳು ಚಿಕ್ಕಮ್ಮ. ಪಾವಗಡದ ಆಸ್ಪತ್ರೆ ಸೇರುವವರೆಗೂ ಅಜ್ಜಿಯ ತಲೆ ಅವಳ ತೊಡೆಯ ಮೇಲಿತ್ತು.

ಉಳಿದ ಸೇಂದಿಯನ್ನು ಕ್ಯಾನಿನ ಸಮೇತ ಪೊಲೀಸರಿಗೆ ಒಪ್ಪಿಸಿದೆ. ಮುಂದೆ ಅದರಲ್ಲೂ ಅದೇ ಮದ್ದು ಸಿಕ್ಕಿತು. ಅಮಲು ಜೋರಾಗಲೆಂದು ಮಾರುವವನೇ ಬೆರೆಸುತ್ತಿದ್ದನಂತೆ. ಆಮೇಲೆ ಪೊಲೀಸರು ಚಿಕ್ಕಮ್ಮನ ಬೆನ್ನು ಬಿಟ್ಟರು.

ಅಜ್ಜಿ ಕಣ್ಣು ಬಿಟ್ಟದ್ದು ಆಸ್ಪತ್ರೆ ಸೇರಿದ ಮಾರನೆಯ ದಿನ. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನನ್ನು ಕಂಡದ್ದೇ, "ನಂಗೂ ಹಾಕ್ಬುಟ್ಯಾ?" ಎಂದಳು.

ನಾನು ಸಿಡಿದೆ. "ಥೂ, ಏನ್ ಬಾಯಜ್ಜಿ ನಿಂದು. ಅವಳನ್ನ ಆ ಕ್ಯಾನ್ ಮುಟ್ಟೋಕೆ ಬುಟ್ಟಿದ್ಯಾ? ತಂದೋಳು ನೀನು, ಬಗ್ಸಿದೋಳು ನೀನು, ಕುಡ್ದೋಳು ನೀನು. ಮದ್ದು ಆ ಸೇಂದಿಯಾಗೇ ಇದ್ದಿರ್ಬೇಕು."

ಅಜ್ಜಿ ಚಿಕ್ಕಮ್ಮನ ಕೈ ತಡಕಿ ಹಿಡಿದುಕೊಂಡಳು.

"ಅವತ್ತೂ ಅವನಿಗೆ ತಂದ್ಕೊಟ್ಟಿದ್ದು ನಾನೇ ಕಣಮ್ಮ" ಎಂದಳು.