ಬಿಳಿ ಪರದೆಯ ಒಂದು ನಿಮಿಷ

ಸಿನಿಮಾ ಶುರುವಾಗುವುದು ಎಷ್ಟು ಗಂಟೆಗೆ ಎಂದು ಆಪರೇಟರು ಮೊದಲ ದಿನವೇ ಕೇಳಿದ್ದರು.

"ಶುರು ಅಂತ ಏನೂ ಇಲ್ಲ ಆಪರೇಟರ್ ಸರ್," ಎಂದರು ಕಲಾಪ್ರದರ್ಶನದ ಉಸ್ತುವಾರಿ ಹೊತ್ತ ಮೇಡಂ. "ಹತ್ತಕ್ಕೆ ಬಾಗಿಲು ತೆಗೀತೀವಿ. ಜನ ಬರ್ತಾರೆ, ಹೋಗ್ತಾರೆ. ಅದರ ಪಾಡಿಗೆ ಅದು ಓಡ್ತಾ ಇರುತ್ತೆ."

"ಮತ್ತೆ ಇಂಟರ್‌ವಲ್ಲು?"

"ಅದೂ ಇಲ್ಲ."

"ಮುಗಿಯೋದು?"

"ಆರು ಗಂಟೆಗೆ, ನೀವು ಸ್ವಿಚ್ ಆಫ್ ಮಾಡಿದಾಗ."

ಹಾಡಿಲ್ಲದ ಸಿನಿಮಾ ಆಪರೇಟರು ಕಂಡಿದ್ದರು, ತಲೆಬುಡವಿಲ್ಲದ ಸಿನಿಮಾವನ್ನಂತೂ ಬೇಕಾದಷ್ಟು ಕಂಡಿದ್ದರು. ಆದರೆ ಮೊದಲೂ ಕೊನೆಯೂ ಇಲ್ಲದ ಸಿನಿಮಾ ಅವರ ಅರವತ್ತಾರು ವರ್ಷದ ಬದುಕಿನಲ್ಲಿ ಇದೇ ಮೊದಲು. ಆದರೂ ಹೂಂ ಅಂದರು. ಮೇಡಂ ತಮ್ಮನ್ನು 'ಆಪರೇಟರ್ ಸರ್' ಎಂದು ಕರೆದದ್ದೇ ಅದಕ್ಕೆ ಕಾರಣ. ಮೂವತ್ತನಾಲ್ಕು ವರ್ಷ ಪ್ರೊಜೆಕ್ಟರ್ ಓಡಿಸಿದ ಚಿತ್ರಮಂದಿರ ಮುಚ್ಚಿ ಹನ್ನೊಂದು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವರು ಬಾಮೈದನ ಅಂಗಡಿಯ ಮೂಲೆಯಲ್ಲಿ ಕೂತು ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತಿದ್ದರು. ಗಿರಾಕಿಗಳು 'ರಿಪೇರಿಯವರೇ' ಎಂದು ಕರೆದಾಗಲೆಲ್ಲ ಬೇರೆ ಯಾರನ್ನೋ ಕರೆದಂತಾಗುತ್ತಿತ್ತು. ಈಗ ಪ್ರದರ್ಶನದ ನಲವತ್ತು ದಿನದ ಮಟ್ಟಿಗಾದರೂ ಕಳೆದುಹೋದ ಹೆಸರು ವಾಪಸ್ ಬಂದಿತ್ತು. ಇದನ್ನು ಮಾತ್ರ ಕೆಡಿಸಿಕೊಳ್ಳಬಾರದು ಎಂದು ಅವರು ತಮಗೆ ತಾವೇ ಹೇಳಿಕೊಂಡರು.

ಮೇಡಂ ಕೈಗೆ ಮೂರು ಪುಟದ ಸೂಚನೆ ಕೊಟ್ಟರು. ಮೊದಲ ಪುಟದಲ್ಲಿ ಲ್ಯಾಂಪಿನ ವಾಟು, ವೋಲ್ಟೇಜು ಇತ್ತು. ಅದನ್ನು ಓದಿದರು. ಉಳಿದೆರಡು ಪುಟದಲ್ಲಿ ಬರೀ ಮಾತು. ಮಡಚಿ ಜೇಬಿಗಿಟ್ಟರು. ಮೂವತ್ತನಾಲ್ಕು ವರ್ಷ ಯಂತ್ರ ಓಡಿಸಿದವನಿಗೆ ಕಾಗದ ಏನು ಕಲಿಸೀತು!

ಬೇರೆ ಕೋಣೆಗಳ ಚಿತ್ರಗಳೆಲ್ಲ ಕಂಪ್ಯೂಟರಿನಿಂದ ತಾವಾಗಿಯೇ ಓಡುತ್ತಿದ್ದವು. ನಿಜವಾದ ಫಿಲ್ಮು ಇದ್ದದ್ದು ಇದೊಂದೇ ಕೋಣೆಯಲ್ಲಿ. ಗೋಡೆಗೆಲ್ಲ ಕಪ್ಪು ಬಣ್ಣ, ಕೂರಲು ಎರಡು ಬೆಂಚು, ಅವುಗಳ ಹಿಂದೆ ಎದೆಮಟ್ಟದ ಸ್ಟ್ಯಾಂಡಿನ ಮೇಲೆ ಚಿಕ್ಕ ಪ್ರೊಜೆಕ್ಟರು. ಫಿಲ್ಮಿನ ತಲೆಯನ್ನು ಬಾಲಕ್ಕೆ ಅಂಟಿಸಿದ್ದರಿಂದ ಅದು ರಾಟೆಗಳ ಮೇಲೆ ಸುತ್ತಿಕೊಂಡು ಮತ್ತೆ ಮತ್ತೆ ಬರುತ್ತಿತ್ತು. ಆಪರೇಟರಿಗೆ ಮರೆಯಾಗಲು ಕ್ಯಾಬಿನ್ನೇ ಇರಲಿಲ್ಲ. ಬಂದವರಲ್ಲಿ ಅರ್ಧ ಜನ ಪರದೆಗೆ ಬೆನ್ನು ಹಾಕಿ ಯಂತ್ರವನ್ನೇ ನೋಡುತ್ತ ನಿಲ್ಲುತ್ತಿದ್ದರು. ಊಟದ ಪಂಕ್ತಿಯ ನಡುವೆ ಒಲೆ ಹಚ್ಚಿ ಅಡುಗೆಯವನನ್ನು ಕೂರಿಸಿದಂತಾಗಿ ಅವರಿಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಚಿತ್ರವಾದರೂ ಏನು? ಒಂದು ಕೋಣೆ, ಒಬ್ಬ ಹೆಂಗಸು. ಒಗೆದ ಹೊದಿಕೆಗಳನ್ನು ಒಬ್ಬಳೇ ಮಡಚುತ್ತಾಳೆ. ಹತ್ತು ನಿಮಿಷ ಮಡಚುತ್ತಾಳೆ. ಕೊನೆಯ ಬಿಳಿ ಹೊದಿಕೆಯನ್ನು ಎತ್ತಿ ಕೊಡವಿದಳೋ ಇಲ್ಲವೋ, ಚಿತ್ರ ಮಾಯವಾಗಿ ಪರದೆ ಬೆಳ್ಳಗಾಗುತ್ತದೆ. ಪೂರ್ತಿ ಒಂದು ನಿಮಿಷ ಬೆಳ್ಳಗೆ. ಆಮೇಲೆ ಮತ್ತೆ ಹೆಂಗಸು, ಮತ್ತೆ ಹೊದಿಕೆ.

ಮೊದಲ ದಿನ ಪರದೆ ಬೆಳ್ಳಗಾದ ಕೂಡಲೇ ಅವರ ಬಲಗೈ ಹೋಗಿ ಲೆನ್ಸಿಗೆ ಅಡ್ಡ ನಿಂತಿತು. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಮಾಡಿದ್ದು. ಚಿತ್ರಮಂದಿರದಲ್ಲಿ ರೀಲು ತುಂಡಾಗಿ ಪರದೆ ಬೆಳ್ಳಗಾದರೆ ಸಾಕು, ಶಿಳ್ಳೆ, ಕೂಗು; ಜನ ಆಪರೇಟರನ ಏಳು ತಲೆಮಾರನ್ನು ಎಳೆದು ಬಯ್ಯುತ್ತಿದ್ದರು. "ಕತ್ತಲಾದ್ರೆ ಕರೆಂಟಿನ ತಪ್ಪು ಅಂತಾರೆ. ಬೆಳ್ಳಗಾದ್ರೆ ನಿನ್ನ ತಪ್ಪು. ಬಿಳಿ ತೋರಿಸ್ಬೇಡ ಕಣೋ, ಮಾನ ಹೋಗುತ್ತೆ," ಎಂದು ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣವೂ ಅಷ್ಟೇ ಗಟ್ಟಿ.

ಯಾರೋ ಬೇಜವಾಬ್ದಾರಿಯವರು ಖಾಲಿ ಫಿಲ್ಮು ಸೇರಿಸಿದ್ದಾರೆ ಎಂದು ಅವರು ತೀರ್ಮಾನಿಸಿದರು. ಕತ್ತರಿಸಿ ಅಂಟಿಸಲು ಚೀಲದಲ್ಲಿ ಸಾಮಾನಿತ್ತು, ಆದರೆ ಇನ್ನೊಬ್ಬರ ಫಿಲ್ಮಿಗೆ ಕತ್ತರಿ ಹಾಕುವ ಜಾಯಮಾನ ಅವರದಲ್ಲ. ಹಾಗಾಗಿ ಹನ್ನೊಂದು ನಿಮಿಷಕ್ಕೊಮ್ಮೆ ಕೈ ಅಡ್ಡ ಹಿಡಿದರು. ದಿನಕ್ಕೆ ನಲವತ್ತಕ್ಕೂ ಹೆಚ್ಚು ಸಲ. ಊಟದ ಡಬ್ಬಿ ಎಡಗೈಯಲ್ಲಿ, ಲೆನ್ಸು ಬಲಗೈಯಲ್ಲಿ. ಮೇಡಂ ಬಾಗಿಲಲ್ಲಿ ಇಣುಕಿದಾಗಲೆಲ್ಲ ಹೆಂಗಸು ಹೊದಿಕೆ ಮಡಚುತ್ತಲೇ ಇದ್ದಳು, ಮೇಡಂ ತೃಪ್ತಿಯಿಂದ ಹೋಗುತ್ತಿದ್ದರು. ತಮಾಷೆಯೆಂದರೆ, ಅಭಿಪ್ರಾಯದ ಪುಸ್ತಕದಲ್ಲಿ ಯಾರೋ 'ಆ ಒಂದು ನಿಮಿಷದ ಕತ್ತಲು ಮನಸ್ಸನ್ನು ಕಲಕಿತು' ಎಂದು ಬರೆದಿದ್ದರು. ಅದನ್ನು ಓದಿದ ಆಪರೇಟರಿಗೆ ತಲೆ ಇನ್ನಷ್ಟು ಕೆಟ್ಟಿತು. ತಮ್ಮ ಅಂಗೈ ಕಂಡು ಯಾರ ಮನಸ್ಸು ಯಾಕೆ ಕಲಕಬೇಕು?

ಮನೆಯಲ್ಲಿ ಹೆಂಡತಿ ಕೇಳಿದಳು, "ಕಥೆ ಏನ್ರೀ?"

"ಗೊತ್ತಾಗಲಿಲ್ಲ ಕಣೇ."

"ದಿನಕ್ಕೆ ನಲವತ್ತು ಸಲ ನೋಡಿದ್ರೂ?"

"ನಲವತ್ತು ಸಲ ನೋಡಿದ್ದಕ್ಕೇ ಗೊತ್ತಾಗಲಿಲ್ಲ."

"ನಾನೂ ಬರ್ತೀನಿ ಬಿಡಿ. ಊರಿಗೆಲ್ಲ ಸಿನಿಮಾ ತೋರಿಸಿದೋರು, ಒಂದಿನ ನನ್ನ ಪಕ್ಕ ಕೂತು ನೋಡಿದ್ರಾ?"

ಮಾತು ನಿಜ. ಪ್ರತಿ ಹೊಸ ಚಿತ್ರಕ್ಕೂ ಆಕೆ ಅಕ್ಕಪಕ್ಕದ ಮನೆಯವರ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಕ್ಯಾಬಿನ್ನಿನ ಚೌಕದ ಕಿಂಡಿಯಿಂದ ಅವರಿಗೆ ಕಾಣುತ್ತಿದ್ದದ್ದು ಆಕೆಯ ತುರುಬು ಮಾತ್ರ. ಆಕೆಗೆ ಕಾಣುತ್ತಿದ್ದದ್ದು ಬರೀ ಬೆಳಕು.

ಆರನೆಯ ದಿನ, ಭಾನುವಾರ, ಹೆಂಡತಿ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಅದೇ ಹೊತ್ತಿಗೆ ಮೇಡಂ ಜೊತೆ ಒಬ್ಬ ಸಣಕಲು ಹುಡುಗಿ ಬಂದಳು. ಈ ಚಿತ್ರ ತೆಗೆದ ಕಲಾವಿದೆ ಅವಳೇ ಎಂದು ಮೇಡಂ ಹೇಳಿದರು. ಪರದೆ ಬೆಳ್ಳಗಾಗುವ ಹೊತ್ತು ಬಂತು, ಕೈ ಹೋಯಿತು, ಕತ್ತಲಾಯಿತು.

"ಸರ್, ನನ್ನ ಬಿಳಿ ಎಲ್ಲಿ?" ಕತ್ತಲಲ್ಲಿ ಹುಡುಗಿಯ ದನಿ ಕೇಳಿತು. "ಕೈ ಯಾಕೆ ಅಡ್ಡ ಇಟ್ಟಿದ್ದೀರ?"

"ಖಾಲಿ ಫಿಲ್ಮು ಬಂದ್ಬಿಡುತ್ತಮ್ಮ. ಜನ ನೋಡಬಾರದು ಅಂತ..."

"ಜನ ನೋಡ್ಲಿ ಅಂತಾನೇ ಅದನ್ನ ಇಟ್ಟಿರೋದು! ಆ ಬೆಳಕಲ್ಲಿ ಇಲ್ಲಿ ಕೂತಿರೋರು ಒಬ್ಬರ ಮುಖ ಒಬ್ಬರು ನೋಡ್ಬೇಕು. ಎರಡನೇ ಪುಟದಲ್ಲಿ ಬರೆದಿದ್ನಲ್ಲ?"

ಎರಡನೇ ಪುಟ ಜೇಬಿನಲ್ಲೇ ಇತ್ತು. ಆಪರೇಟರು ಎಡಗೈಯಿಂದ ಜೇಬು ಮುಟ್ಟಿ ನೋಡಿಕೊಂಡರು. ಮೇಡಂ ಕತ್ತಲಲ್ಲೇ 'ಅಯ್ಯೋ' ಎಂದರು. ಮುಖ ನೋಡುವುದಕ್ಕೆ ಯಾರಾದರೂ ಸಿನಿಮಾಕ್ಕೆ ಬರುತ್ತಾರೆಯೇ? ಅದಕ್ಕೆ ಬಸ್ಸು ನಿಲ್ದಾಣ ಸಾಲದೇ? ಆಪರೇಟರಿಗೆ ಹೊಳೆದದ್ದು ಇಷ್ಟೇ: ನಾಳೆ ಮಿಕ್ಸಿ, ಫ್ಯಾನು, 'ರಿಪೇರಿಯವರೇ'. ಅದೂ ಹೆಂಡತಿಯ ಕಣ್ಣೆದುರೇ.

"ತಪ್ಪಾಯ್ತಮ್ಮ," ಎಂದರು.

ಹುಡುಗಿ ಮುಂದಿನ ಬೆಂಚಿಗೆ ಹೋಗಿ ಕೂತಳು. "ಇನ್ನೊಂದು ಸುತ್ತು ಓಡ್ಲಿ. ಕೈ ಅಡ್ಡ ಬರಬಾರದು. ಆಗಲ್ಲ ಅನ್ನೋದಾದ್ರೆ ಹೇಳ್ಬಿಡಿ, ಬೇರೆಯವರನ್ನ ನೋಡ್ತೀವಿ."

ಆ ಹತ್ತು ನಿಮಿಷ ಹತ್ತು ವರ್ಷವಾಯಿತು. ಹೆಂಗಸು ಕೊನೆಯ ಹೊದಿಕೆ ಎತ್ತಿದಾಗ ಅವರು ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಪರದೆ ಬೆಳ್ಳಗಾಯಿತು. ಕಿವಿ ಶಿಳ್ಳೆಗಾಗಿ ಕಾದಿತ್ತು. ಯಾರೂ ಶಿಳ್ಳೆ ಹಾಕಲಿಲ್ಲ. ಕೋಣೆಯೆಲ್ಲ ಬೆಳಗಿ, ಕೂತವರು ಒಬ್ಬರನ್ನೊಬ್ಬರು ನೋಡಿ ಮುಜುಗರದಿಂದ ಸರಿದು ಕೂತರು. ಹಿಂದಿನ ಬೆಂಚಿನ ತುರುಬೊಂದು ನಿಧಾನವಾಗಿ ಇತ್ತ ತಿರುಗಿತು. ಪೂರ್ತಿ ಬೆಳ್ಳಗಾಗಿತ್ತು ಆ ತುರುಬು, ಯಾವಾಗ ಆಯಿತೋ. ಪರದೆಯ ಬೆಳಕಿನಲ್ಲಿ ಹೆಂಡತಿ ಅವರನ್ನೇ, ಯಂತ್ರದ ಮೇಲಿನ ಅವರ ಕೈಗಳನ್ನೇ ನೋಡುತ್ತಿದ್ದಳು. ಅವರು ಪ್ರೊಜೆಕ್ಟರ್ ಓಡಿಸುವುದನ್ನು ಆಕೆ ನೋಡಿದ್ದು ಅದೇ ಮೊದಲು. ಆಪರೇಟರಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಯಾವುದು ಹೆಚ್ಚು ಎಂದು ತಿಳಿಯಲಿಲ್ಲ.

ಮತ್ತೆ ಕತ್ತಲಾಗಿ ಹೆಂಗಸು ಹೊದಿಕೆ ಮಡಚತೊಡಗಿದಳು. ಕಲಾವಿದೆ ಹತ್ತಿರ ಬಂದು, "ನಾಳೇನೂ ಹೀಗೇ ಓಡಿಸಿ ಆಪರೇಟರ್ ಸರ್," ಎಂದು ಹೊರಗೆ ಹೋದಳು.

ಹೆಂಡತಿ ಬೆಂಚಿನ ಮೇಲೆ ಜಾಗ ಮಾಡಿದಳು. "ಬನ್ರೀ, ಕೂತ್ಕೊಳ್ಳಿ. ಅದರ ಪಾಡಿಗೆ ಅದು ಓಡುತ್ತಂತಲ್ಲ."

ರೀಲು ಬದಲಿಸುವುದಿರಲಿಲ್ಲ, ಇಂಟರ್‌ವಲ್ಲಿನ ಗಂಟೆ ಹೊಡೆಯುವುದಿರಲಿಲ್ಲ. ಎದ್ದು ನಿಂತಿರಲು ಒಂದು ನೆಪವೂ ಉಳಿದಿರಲಿಲ್ಲ. ಹೋಗಿ ಕೂತರು. ಪಕ್ಕದಲ್ಲಿ ಕೂತು ನೋಡಿದರೆ ಪರದೆ ಇಷ್ಟು ದೊಡ್ಡದೇ ಎನ್ನಿಸಿತು.

"ನಿಂಗೇನಾದ್ರೂ ಅರ್ಥ ಆಯ್ತಾ?" ಪಿಸುಗುಟ್ಟಿದರು.

"ಅದರಲ್ಲೇನಿದೆ? ಹೊದಿಕೆ ದೊಡ್ಡದು, ಒಬ್ಬಳೇ ಮಡಚ್ತಿದ್ದಾಳೆ. ಆ ತುದಿ ಹಿಡಿಯೋಕೆ ಇನ್ನೊಬ್ಬರು ಬೇಕು."

ಅದೇ ಇರಬಹುದೋ, ಅಲ್ಲವೋ. ಅವರು ಪರದೆಯನ್ನೇ ನೋಡುತ್ತ ಕೂತರು. ಕೊನೆಯ ಹೊದಿಕೆ ಮೇಲೆದ್ದಿತು, ಬೆಳಕು ಬಂತು, ಅವರ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತು. ಹೆಂಡತಿ ಅದನ್ನು ಅರ್ಧದಲ್ಲೇ ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಬಿಡೇ, ಎಲ್ಲರಿಗೂ ಕಾಣ್ತಿದೆ," ಎಂದರು.

"ಕಾಣಲಿ," ಎಂದಳು. ಆ ಒಂದು ನಿಮಿಷ ಪೂರ್ತಿ ಕೈ ಬಿಡಲಿಲ್ಲ.