ಶ್ರಾವಣದಲ್ಲಿ ಪಡೀಕಾದ ಹೊಲ

ಹನ್ನೂರಿನಲ್ಲಿರುವ ನನ್ನ ತಂಗಿ ನೀಲವ್ವನ ಹೊಲ ಪಡೀಕ ಬಿದ್ದಿದೆ ಎಂದು ಆಕಾಶ ಹೇಳಿತು.

ಪಡೀಕ ಎಂದರೆ ಬಿತ್ತದೆ ಬಿಟ್ಟ ಭೂಮಿ. (ಮರಾಠಿಯಿಂದ ಬಂದ ಮಾತು, ನಮ್ಮ ಕಡೆ ಸೋಮಾರಿಗಳನ್ನು ಬೈಯಲಿಕ್ಕೂ ಒದಗುತ್ತದೆ.) ಹೇಳಿದ್ದು ಆಕಾಶವೆಂದರೂ ಬರೆದದ್ದು ಸೋಲಾಪುರದ ಒಂದು ಕಚೇರಿ. ಉಪಗ್ರಹದ ಚಿತ್ರವನ್ನು ಕಂಪ್ಯೂಟರಿನಲ್ಲಿ ಊರಿನ ನಕಾಶೆಯ ಮೇಲೆ ಹೊದಿಸಿ, ಬೆಳೆಯಿರುವ ಹೊಲಕ್ಕೆ ಹಸಿರು, ಪಡೀಕಕ್ಕೆ ಕಂದು ಬಣ್ಣ ಬಳಿದಿದ್ದರು. ಊರಿಗೆ ಹೊಸದಾಗಿ ಬರುತ್ತಿರುವ ನೀರಿನ ಪೈಪು ಹಸಿರು ಹೊಲಗಳಲ್ಲಿ ಮಾತ್ರ ಬಾಯಿ ತೆರೆಯುತ್ತದೆ.

ನೀಲವ್ವನದು ಕಂದು. ಗಂಡ ತೀರಿಕೊಂಡ ವರ್ಷವೂ ಬಿತ್ತನೆ ತಪ್ಪಿಸದವಳ ಹೊಲ ಕಂದು! ಪೈಪು ಅವಳ ಬದುವಿಗೆ ತಾಗಿಯೇ ಸಾಗಿ, ಆಚೆಯ ಪಾಂಡುರಂಗನ ಹೊಲದಲ್ಲಿ ನೀರು ಸುರಿಯಲಿತ್ತು. ಪಾಂಡುರಂಗ ಪುಣೆಯಲ್ಲಿದ್ದಾನೆ. ಅವನ ಹೊಲದಲ್ಲಿ ಕೂರಿಗೆ ಇಳಿದದ್ದನ್ನು ಊರೇ ಮರೆತಿದೆ.

ಅಚ್ಚಾದದ್ದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲವೆಂಬುದು ಈ ಅಂಕಣದ ಓದುಗರಿಗೆ ಹೊಸತಲ್ಲ. ಶಾಲೆ ನನ್ನನ್ನು ಬೇಗ ಬಿಟ್ಟಿತು. ವಾಚನಾಲಯ ಇನ್ನೂ ಬಿಟ್ಟಿಲ್ಲ. ಉಪಗ್ರಹಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡು, ನೀಲವ್ವನನ್ನು ಕರೆದುಕೊಂಡು, ಕಳೆದ ವಾರ ಆ ಕಚೇರಿಗೆ ಹೋದೆ. ಜಗಳಕ್ಕೇ ಹೋದೆ ಎನ್ನಿ.

ನಕಾಶೆ ಮಾಡಿದವಳು ಪ್ರಜ್ಞಾ ಎಂಬ ತರುಣಿ. ಅವಳ ಮನೆಯವರು ದುಧನಿಯ ಕಡೆಯವರು; ತಂದೆಗೆ ರೈಲ್ವೆಯಲ್ಲಿ ಕೆಲಸವಾದ ಮೇಲೆ ಸೋಲಾಪುರದಲ್ಲಿ ನೆಲೆಸಿದವರು. ಮನೆಮಾತು ಕನ್ನಡವಾದರೂ ಓದಲು ಬಾರದು. (ಹಾಗಾಗಿ ಅಂಕಣಕಾರನೆಂದರೆ ಅವಳಿಗೆ ಭಯವಿಲ್ಲ.) ನಿಮ್ಮ ಉಪಗ್ರಹ ಸುಳ್ಳು ಹೇಳುತ್ತಿದೆ ಎಂದು ನಾನು ಆರಂಭಿಸಿದೆ. ಅವಳು ಸಿಟ್ಟಾಗಲಿಲ್ಲ. ಸ್ಕ್ರೀನಿನ ಮೇಲೆ ಚಿತ್ರವನ್ನು ಹಿಗ್ಗಿಸಿ ಹೊಲ ತೋರಿಸಿದಳು. ಬರಿಯ ಕರಿಮಣ್ಣು. ಆಗಸ್ಟಿನ ಚಿತ್ರ.

ನಾನು ಇನ್ನೊಂದು ವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ತಡೆದಳು.

"ಅಣ್ಣಾ, ನೀ ಸುಮ್ನಿರು. ಅದು ಖರೇನ ಹೇಳೈತಿ. ಶ್ರಾವಣದಾಗ ನನ್ನ ಹೊಲದಾಗ ಏನೂ ಇರಂಗಿಲ್ಲ."

ವಕೀಲನ ಎದುರಿಗೇ ಕಕ್ಷಿದಾರ ತಪ್ಪೊಪ್ಪಿಕೊಂಡರೆ ಹೇಗಿರುತ್ತದೆ?

ನಮ್ಮದು ಹಿಂಗಾರಿ ಜೋಳದ ಸೀಮೆ. ಮಳೆಗಾಲದುದ್ದಕ್ಕೂ ಹೊಲವನ್ನು ಖಾಲಿ ಬಿಟ್ಟು, ಕುಂಟೆ ಹೊಡೆದು, ಕಸ ತೆಗೆದು, ಮಣ್ಣಿಗೆ ನೀರು ಕುಡಿಸುತ್ತೇವೆ. ಬಿತ್ತುವುದು ಗಣಪತಿಯನ್ನು ಕಳುಹಿಸಿದ ಮೇಲೆ. ಆಗಸ್ಟನ್ನೇ ಏಕೆ ಆರಿಸಿದೆ ಎಂದು ಪ್ರಜ್ಞಾಳನ್ನು ಕೇಳಿದೆ. ಮಳೆ ಬಿದ್ದಾಗ ಬಿತ್ತಿದವರ ಹೊಲ ಹಸಿರಿರಲೇಬೇಕಲ್ಲ ಎಂದುಕೊಂಡಳಂತೆ. ಅದರಲ್ಲೂ ಮೋಡಗಳ ಕಾಟ. ನೆಲ ಸ್ವಚ್ಛವಾಗಿ ಕಂಡ ಒಂದು ದಿನ ಸಿಕ್ಕಿದ್ದೇ ಭಾಗ್ಯವಾಗಿತ್ತಂತೆ. ತರ್ಕದಲ್ಲಿ ನಾನು ದೋಷ ಹುಡುಕಿದೆ, ಸಿಗಲಿಲ್ಲ.

ಆಮೇಲೆ ಪ್ರಜ್ಞಾ ತಾನಾಗಿಯೇ ನಕ್ಕಳು. "ಕಾಕಾ, ನಮ್ಮ ಆಯಿ ಸುಗ್ಗಿಗೆ ಹೋದಾಕಿ ಸೀತನಿ ತರ್ತಿದ್ಲು. ಹಸಿ ತೆನಿ ಸುಟ್ಟು ತಿಂತಿದ್ವಿ. ಅದು ಥಂಡ್ಯಾಗಲ್ಲ? ಮತ್ತ ಜ್ವಾಳಾನ ನಾ ಶ್ರಾವಣದಾಗ ಯಾಕ ಹುಡುಕೀನಿ?"

ಚಳಿಗಾಲದ ಚಿತ್ರ ತೆರೆದಳು. ನೀಲವ್ವನ ಹೊಲ ಕಣ್ಣು ತಂಪಾಗುವಷ್ಟು ಹಸಿರು. ಪಕ್ಕದ ಪಾಂಡುರಂಗನದು ಕಂದು. ಮತ್ತೆ ಆಗಸ್ಟ್: ಅವನದು ಹಸಿರು, ಇವಳದು ಬರಿ ಮಣ್ಣು. ಪ್ರಜ್ಞಾ ಎರಡನ್ನೂ ಅದಲು ಬದಲು ಮಾಡಿ ನೋಡಿದಳು.

"ಮಾವಶಿ, ಇವರು ಮಳಿಗಾಲದಾಗ ಏನ್ ಬೆಳಿತಾರ?"

"ಕಸ," ಎಂದಳು ನೀಲವ್ವ.

ಉಪಗ್ರಹ ಸುಳ್ಳು ಹೇಳಿರಲಿಲ್ಲ. ವರ್ಷವಿಡೀ ಮೇಲಿನಿಂದ ನೋಡುತ್ತಲೇ ಇತ್ತು. ನಾವು ಅದರ ಒಂದು ದಿನದ ನೋಟವನ್ನು ಮಾತ್ರ ಕತ್ತರಿಸಿ ತಂದು, ಇದೇ ಸತ್ಯ ಎಂದೆವು. ಮನುಷ್ಯರ ವಿಷಯದಲ್ಲಿಯೂ ನಾವು ಮಾಡುವುದು ಇದನ್ನೇ ಅಲ್ಲವೇ? ಒಂದು ಮಧ್ಯಾಹ್ನ ಖಾಲಿ ಕುಳಿತದ್ದನ್ನು ಕಂಡು ಎಷ್ಟು ಜನರಿಗೆ ನಾವು ಪಡೀಕ ಎಂದು ಹೆಸರಿಟ್ಟಿಲ್ಲ!

ಪ್ರಜ್ಞಾ ನೀಲವ್ವನ ಹೊಲವೊಂದನ್ನೇ ತಿದ್ದಿ ಕೈತೊಳೆದುಕೊಳ್ಳಲಿಲ್ಲ. ತಾಲ್ಲೂಕಿನ ನಕಾಶೆಯನ್ನೇ ಎರಡೂ ಹಂಗಾಮಿನ ಚಿತ್ರಗಳನ್ನಿಟ್ಟು ಹೊಸದಾಗಿ ಮಾಡುತ್ತೇನೆ ಎಂದಳು. ಮೇಲಿನವರು ಒಪ್ಪಬೇಕು, ಆಮೇಲೆ ಪೈಪಿನವರು ಒಪ್ಪಬೇಕು. ತಡವಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಹೊರಡುವಾಗ, ಈ ಸಲದ ಸೀತನಿಗೆ ಹನ್ನೂರಿಗೆ ಬಾ ಎಂದು ನೀಲವ್ವ ಅವಳನ್ನು ಕರೆದಳು.

ಅಕ್ಕಲಕೋಟೆಯ ಬಸ್ಸು ವಳಸಂಗ ದಾಟಿತು. ಕಿಟಕಿಯಾಚೆಯ ಹೊಲಗಳನ್ನು ನೋಡುತ್ತಿದ್ದ ನನ್ನ ತಂಗಿ ಮೆಲ್ಲಗೆ ಕೇಳಿದಳು:

"ಅಣ್ಣಾ, ಅವರು ಒಪ್ಪೋದ್ರಾಗ ಇನ್ನೊಂದು ಶ್ರಾವಣ ಬಂದ್ರ ಹೆಂಗ? ಈ ಸಲ ಕುಂಟಿ ಹೊಡೀಲೋ, ಕಸಾ ಬಿಡಲೋ?"